ದನಿಯ ಬಾಗಿಲು: ಪೆಟ್ಟಿಗೆಯ ಒಳಗೋ, ಹೊರಗೋ?

ಕನ್ನಡದ ಪಾಠ ಹೇಳಿಕೊಂಡು ಬಾಳಿದವನೊಬ್ಬನು ಕಂಪ್ಯೂಟರಿನಲ್ಲಿ ದನಿಯನ್ನು ಮುದ್ರಿಸಿಕೊಳ್ಳುವ ಬಗೆಯನ್ನು ಕುರಿತು ಮಾತನಾಡಹೊರಟಿರುವುದು ಕೆಲವರಿಗಾದರೂ ಸೋಜಿಗವೆನಿಸಬಹುದು. ಆದರೆ ಭಾಷೆ ಮೊದಲು ದನಿ, ಆಮೇಲೆ ಬರಹ. ನಮ್ಮ ಹಳೆಯ ಕಾವ್ಯಗಳಲ್ಲಿ ಬಹುಪಾಲು ಕಣ್ಣಿಗಿಂತ ಕಿವಿಯನ್ನೇ ನೆಚ್ಚಿಕೊಂಡು ಹುಟ್ಟಿದವು. ಗದುಗಿನ ಭಾರತದ ಭಾಮಿನಿ ಷಟ್ಪದಿಯನ್ನು ಒಳ್ಳೆಯ ಗಮಕಿಯೊಬ್ಬರ ಕಂಠದಲ್ಲಿ ಕೇಳಿದವರಿಗೆ, ಅಚ್ಚಿನ ಪುಟದಲ್ಲಿ ಕಾಣದ ಎಷ್ಟೋ ಅರ್ಥಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಅಂಥ ದನಿಗಳನ್ನು ಉಳಿಸಿಕೊಳ್ಳುವ ಸಾಧನ ಈಗ ಮನೆಮನೆಯ ಮೇಜಿನ ಮೇಲೆ ಬಂದು ಕುಳಿತಿದೆ. ಆದ್ದರಿಂದ ಸಾಹಿತ್ಯದವರೂ ಅದರ ವಿಚಾರವನ್ನು ಒಂದಿಷ್ಟು ತಿಳಿದಿರಬೇಕೆಂಬುದು ನನ್ನ ಭಾವನೆ.

ಅಜ್ಜಿಯ ಸೋಬಾನೆ ಪದಗಳನ್ನು ಹಿಡಿದಿಡಬೇಕೆನ್ನುವ ಮೊಮ್ಮಗಳು, ವಿದ್ಯಾರ್ಥಿಗಳಿಗೆ ಪಾಠವನ್ನು ಮುದ್ರಿಸಿ ಕೊಡಬೇಕೆನ್ನುವ ಗಮಕದ ಉಪಾಧ್ಯಾಯಿನಿ, ಹಳೆಯ ಕ್ಯಾಸೆಟ್ಟುಗಳು ಹಾಳಾಗುವ ಮುನ್ನ ಅವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆನ್ನುವ ನಿವೃತ್ತ ಗುಮಾಸ್ತರು, ಇವರೆಲ್ಲರೂ ಬೇಗಲೋ ತಡವಾಗಿಯೋ ಬಂದು ನಿಲ್ಲುವುದು ಒಂದೇ ಪ್ರಶ್ನೆಯ ಮುಂದೆ. ಕಂಪ್ಯೂಟರಿನ ಒಳಗೆ ದನಿಗೆಂದು ಒಂದು ಏರ್ಪಾಡು ಈಗಾಗಲೇ ಇದೆಯಲ್ಲ, ಅದು ಸಾಲದೆ? ಹೊರಗೆ ಬೇರೊಂದು ಪೆಟ್ಟಿಗೆಯನ್ನು ಹಣ ತೆತ್ತು ಕೊಂಡು ತರಬೇಕೆ? ಆ ಪೆಟ್ಟಿಗೆಯನ್ನು ಆಡಿಯೊ ಇಂಟರ್‌ಫೇಸ್ ಎಂದು ಕರೆಯುತ್ತಾರೆ. ಒಳಗಿನದೋ, ಹೊರಗಿನದೋ ಎಂಬ ಈ ಆಯ್ಕೆಯೇ ಇಂದಿನ ನನ್ನ ಮಾತಿನ ವಸ್ತು.

ಮೊದಲು ಈ ಸಾಧನ ಮಾಡುವ ಕೆಲಸವೇನೆಂಬುದನ್ನು ನೋಡೋಣ. ನಾವು ಮಾತನಾಡಿದಾಗ ಗಾಳಿಯಲ್ಲಿ ಅಲೆಗಳೇಳುತ್ತವೆ. ಮೈಕು ಆ ಅಲೆಗಳನ್ನು ವಿದ್ಯುತ್ತಿನ ಅಲೆಗಳನ್ನಾಗಿ ಮಾಡುತ್ತದೆ. ಹೀಗೆ ಹುಟ್ಟುವ ವಿದ್ಯುತ್ತು ಬಹಳ ಕ್ಷೀಣವಾದುದು. ಸಾಮಾನ್ಯವಾದ ಡೈನಾಮಿಕ್ ಮೈಕಿನ ಮುಂದೆ ಸಹಜವಾಗಿ ಮಾತನಾಡಿದರೆ ದೊರೆಯುವುದು ಒಂದೆರಡು ಮಿಲಿವೋಲ್ಟು, ಎಂದರೆ ಒಂದು ವೋಲ್ಟಿನ ಸಾವಿರದಲ್ಲಿ ಒಂದೆರಡು ಪಾಲು. ಅದನ್ನು ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹಿಗ್ಗಿಸಬೇಕು. ಇದು ವರ್ಧಕದ ಕೆಲಸ. ಹಿಗ್ಗಿದ ಅಲೆಯನ್ನು ಅನಂತರ ಅಂಕಿಗಳಾಗಿ ಎಣಿಸಬೇಕು. ಇದು ಪರಿವರ್ತಕದ ಕೆಲಸ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಗಳಿಗಾಗಿ ಗೊತ್ತುಮಾಡಿದ ಕ್ರಮದಲ್ಲಿ ಒಂದು ಸೆಕೆಂಡಿಗೆ ೪೪,೧೦೦ ಸಲ ಅಲೆಯ ಎತ್ತರವನ್ನು ಅಳೆದು ಬರೆದುಕೊಳ್ಳಲಾಗುತ್ತದೆ. ಮನುಷ್ಯನ ಕಿವಿಗೆ ಕೇಳುವ ಅತ್ಯಂತ ಮೇಲಿನ ಸ್ವರ ಸುಮಾರು ೨೦,೦೦೦ ಹರ್ಟ್ಸ್. ಯಾವುದೇ ಅಲೆಯನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕೆಂಬುದು ನಿಯಮ. ಹಾಗಾಗಿ ಆ ಸಂಖ್ಯೆ. ಒಂದೊಂದು ಅಳತೆಗೂ ಸಿ.ಡಿ.ಯಲ್ಲಿ ೧೬ ಬಿಟ್ಟುಗಳು, ಎಂದರೆ ೬೫,೫೩೬ ಮೆಟ್ಟಿಲುಗಳು. ಇಂದಿನ ಮುದ್ರಣಗಳಲ್ಲಿ ಬಳಕೆಯಲ್ಲಿರುವ ೨೪ ಬಿಟ್ಟಿನಲ್ಲಿ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಮೀರಿದ ಮೆಟ್ಟಿಲುಗಳು.

ಹಿಗ್ಗಿಸುವುದು, ಎಣಿಸುವುದು: ಈ ಎರಡು ಕೆಲಸಗಳು ಮುಗಿದ ಮೇಲೆ ದನಿ ಅಂಕಿಗಳ ಸಾಲಾಗಿಬಿಡುತ್ತದೆ. ಆಮೇಲೆ ಅದನ್ನು ಎಷ್ಟು ಸಲ ನಕಲು ಮಾಡಿದರೂ, ಎಷ್ಟು ದೂರ ಕಳುಹಿಸಿದರೂ ಅದು ಸವೆಯುವುದಿಲ್ಲ. ಕೆಡಬೇಕಾದುದೆಲ್ಲ ಕೆಡುವುದು ಅದಕ್ಕೆ ಮುಂಚೆಯೇ. ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಈ ಮಾತು ಹೊಸದಲ್ಲ. ಓಲೆಯ ಪ್ರತಿಗಳನ್ನು ಹೋಲಿಸಿ ನೋಡುವಾಗ ಒಂದೇ ತಪ್ಪು ಹತ್ತು ಪ್ರತಿಗಳಲ್ಲಿ ಕಂಡರೆ, ಅವೆಲ್ಲಕ್ಕೂ ಮೂಲವಾದ ಒಂದು ಪ್ರತಿಯಲ್ಲಿ ಲಿಪಿಕಾರನು ಎಡವಿದ್ದಾನೆಂದು ತಿಳಿಯುತ್ತೇವೆ. ಆ ಮೊದಲ ಲಿಪಿಕಾರನು ಶಾಂತವಾದ ಮಠದ ಜಗಲಿಯಲ್ಲಿ ಕುಳಿತು ಬರೆದನೋ, ಸಂತೆಯ ನಡುವೆ ಕುಳಿತು ಬರೆದನೋ ಎಂಬುದರ ಮೇಲೆ ಮುಂದಿನ ಎಲ್ಲ ಪ್ರತಿಗಳ ಯೋಗ್ಯತೆ ನಿಂತಿರುತ್ತದೆ. ಕಂಪ್ಯೂಟರಿನ ಧ್ವನಿಮುದ್ರಣದಲ್ಲಿ ಆ ಲಿಪಿಕಾರನೇ ಈ ವರ್ಧಕ ಮತ್ತು ಪರಿವರ್ತಕ. ಒಳಗೋ ಹೊರಗೋ ಎಂದು ಕೇಳುವುದೆಂದರೆ, ಲಿಪಿಕಾರನನ್ನು ಎಲ್ಲಿ ಕೂರಿಸಬೇಕು ಎಂದು ಕೇಳಿದಂತೆ.

ಮೊದಮೊದಲ ಪರ್ಸನಲ್ ಕಂಪ್ಯೂಟರುಗಳಿಗೆ ದನಿಯೆಂಬುದೇ ಇರಲಿಲ್ಲವೆನ್ನಬಹುದು. ಒಂದು ಸಣ್ಣ ಸ್ಪೀಕರಿನ ಕೀಚಲು ಸದ್ದಷ್ಟೆ. ೧೯೮೭ರಲ್ಲಿ ಆಡ್‌ಲಿಬ್ ಎಂಬ ಕಾರ್ಡೂ ೧೯೮೯ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯ ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡೂ ಬಂದವು. ಕಂಪ್ಯೂಟರಿನ ಮುಚ್ಚಳ ತೆರೆದು ಒಳಗಿನ ಸಂದಿಯಲ್ಲಿ ಸಿಕ್ಕಿಸುತ್ತಿದ್ದ ಹಲಗೆಗಳವು. ಅವನ್ನು ಕೊಳ್ಳುತ್ತಿದ್ದವರ ಮನಸ್ಸಿನಲ್ಲಿ ಇದ್ದುದು ಹೆಚ್ಚಾಗಿ ಆಟಗಳ ಸದ್ದು. ಮುಂದೆ ಇಂಟೆಲ್ ಸಂಸ್ಥೆ ೧೯೯೭ರಲ್ಲಿ ಎಸಿ ೯೭ ಎಂಬ ಕ್ರಮವನ್ನೂ ೨೦೦೪ರಲ್ಲಿ ಎಚ್‌ಡಿ ಆಡಿಯೊ ಎಂಬ ಕ್ರಮವನ್ನೂ ರೂಪಿಸಿದ ಮೇಲೆ, ದನಿಯ ಏರ್ಪಾಡು ಮದರ್‌ಬೋರ್ಡಿನಲ್ಲೇ ಬೆರೆತುಹೋಯಿತು. ಈಗ ಅದಿಲ್ಲದ ಕಂಪ್ಯೂಟರನ್ನು ಹುಡುಕುವುದೇ ಕಷ್ಟ. ಆದರೆ ಅದರ ಹುಟ್ಟಿನ ಉದ್ದೇಶವನ್ನು ಮರೆಯಬಾರದು. ಅದು ಮುಖ್ಯವಾಗಿ ಕೇಳಿಸುವುದಕ್ಕೆಂದು ಬಂದದ್ದು. ಕೇಳಿಸಿಕೊಳ್ಳುವುದು ಅದರ ಎರಡನೆಯ ಕಸುಬು.

ಇಲ್ಲಿ ಒಂದು ವಿವೇಚನೆ ಅಗತ್ಯ. ‘ಒಳಗಿನದು’ ಎಂಬ ಒಂದೇ ಮಾತಿನಲ್ಲಿ ಜನರು ಎರಡು ಬೇರೆ ಬೇರೆ ವಸ್ತುಗಳನ್ನು ಸೇರಿಸಿಬಿಡುತ್ತಾರೆ. ಒಂದು, ಈಗ ಹೇಳಿದ ಮದರ್‌ಬೋರ್ಡಿನ ಏರ್ಪಾಡು. ಇನ್ನೊಂದು, ವೃತ್ತಿನಿರತರಿಗಾಗಿ ತಯಾರಾದ, ಒಳಗೆ ಸಿಕ್ಕಿಸುವ ಪಿಸಿಐ ಮತ್ತು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳು. ಈ ಎರಡನೆಯ ಬಗೆಯನ್ನು ಹಗುರವಾಗಿ ಕಾಣುವಂತಿಲ್ಲ. ೧೯೯೬ರಲ್ಲಿ ಬಂದ ಮೊದಲ ಯುಎಸ್‌ಬಿ ಸೆಕೆಂಡಿಗೆ ಹೆಚ್ಚೆಂದರೆ ೧೨ ಮೆಗಾಬಿಟ್ಟುಗಳನ್ನು ಸಾಗಿಸಬಲ್ಲುದಾಗಿತ್ತು. ಎರಡು ವಾಹಿನಿಗಳ ೨೪ ಬಿಟ್ಟಿನ ದನಿಗೆ ಸೆಕೆಂಡಿಗೆ ಎರಡು ಮೆಗಾಬಿಟ್ಟಿಗೂ ಸ್ವಲ್ಪ ಹೆಚ್ಚು ಬೇಕು. ಒಂದು ವಾದ್ಯವೃಂದವನ್ನೇ ಮುದ್ರಿಸಬೇಕಾದ ಸ್ಟುಡಿಯೊಗೆ ಆ ದಾರಿ ಬಹಳ ಇಕ್ಕಟ್ಟಾಗಿತ್ತು. ಆ ದಿನಗಳಲ್ಲಿ ಗಂಭೀರವಾದ ಕೆಲಸಕ್ಕೆ ಒಳಗಿನ ಕಾರ್ಡೇ ಸಹಜವಾದ ಆಯ್ಕೆ. ೨೦೦೦ದಲ್ಲಿ ಬಂದ ಎರಡನೆಯ ಯುಎಸ್‌ಬಿ ಈ ದಾರಿಯನ್ನು ೪೮೦ ಮೆಗಾಬಿಟ್ಟಿನಷ್ಟು ಅಗಲ ಮಾಡಿತು. ಗಾಡಿಯ ಜಾಡು ಹೆದ್ದಾರಿಯಾಯಿತು. ಆ ಮೇಲೆ, ಸಣ್ಣ ಪ್ರಮಾಣದ ಮುದ್ರಣಕ್ಕೆ ಒಳಗಿನ ಕಾರ್ಡು ಅನಿವಾರ್ಯವೆಂಬ ಮಾತು ಉಳಿಯಲಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಜರ್ಮನಿಯ ಆರ್‌ಎಂಇ, ಅಮೆರಿಕದ ಎವಿಡ್ ಮೊದಲಾದ ಸಂಸ್ಥೆಗಳು ದೊಡ್ಡ ಸ್ಟುಡಿಯೊಗಳಿಗಾಗಿ ತಯಾರಿಸಿದ ಒಳಗಿನ ಕಾರ್ಡುಗಳಲ್ಲಿ ಹಲವಕ್ಕೆ ಹೊರಗೆ ಬೇರೊಂದು ಪೆಟ್ಟಿಗೆಯನ್ನು ಜೋಡಿಸಬೇಕು. ಮೈಕಿನ ತಂತಿ ಬಂದು ಸೇರುವುದು, ದನಿ ಹಿಗ್ಗುವುದು, ಅಂಕಿಗಳಾಗುವುದು ಎಲ್ಲವೂ ಆ ಪೆಟ್ಟಿಗೆಯಲ್ಲಿ. ಒಳಗಿನ ಕಾರ್ಡು ಸಿದ್ಧವಾದ ಅಂಕಿಗಳನ್ನು ಬೇಗಬೇಗ ಸಾಗಿಸುವ ಅಂಚೆಯವನ ಕೆಲಸವನ್ನಷ್ಟೆ ಮಾಡುತ್ತದೆ. ಒಳಗಿನ ಕಾರ್ಡನ್ನು ನೆಚ್ಚಿದವರು ಕೂಡ ಲಿಪಿಕಾರನನ್ನು ಹೊರಗೇ ಕೂರಿಸಿದರೆಂಬುದು ಅರ್ಥಪೂರ್ಣವಾದ ಸಂಗತಿ.

ಹೊರಗೇಕೆ ಕೂರಿಸಬೇಕು? ಕಂಪ್ಯೂಟರಿನ ಒಳಗು ಒಂದು ಸಂತೆ. ಕ್ಷಣಕ್ಕೆ ಲಕ್ಷಾಂತರ ಸಲ ಹತ್ತಿ ಆರುವ ವಿದ್ಯುತ್ ಸರಬರಾಜು, ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡು, ಸುತ್ತುವ ಫ್ಯಾನು, ಇವೆಲ್ಲ ತಮ್ಮ ತಮ್ಮ ಗದ್ದಲವನ್ನು ತಂತಿಗಳ ಮೂಲಕವೂ ಸುತ್ತಲ ಅವಕಾಶದ ಮೂಲಕವೂ ಹರಡುತ್ತಿರುತ್ತವೆ. ಕಿವಿಗೆ ಕೇಳುವ ಗದ್ದಲವಲ್ಲ ಅದು, ವಿದ್ಯುತ್ತಿನ ಗದ್ದಲ. ಅದರ ನಡುವೆ ಒಂದೆರಡು ಮಿಲಿವೋಲ್ಟಿನ ಎಳೆಯ ದನಿಯನ್ನು ತಂದು ಸಾವಿರ ಪಟ್ಟು ಹಿಗ್ಗಿಸಿದರೆ, ಹತ್ತಿರದ ಗದ್ದಲವೂ ಅದರ ಜೊತೆಗೆ ಹಿಗ್ಗುತ್ತದೆ. ಮೌಸನ್ನು ಸರಿಸಿದಾಗಲೆಲ್ಲ ಹೆಡ್‌ಫೋನಿನಲ್ಲಿ ಕಿರ್ ಎಂಬ ಸದ್ದು ಬರುವುದನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅದು ಸಂತೆಯ ಸದ್ದು.

ಹೊರಗಿನ ಪೆಟ್ಟಿಗೆ ಈ ಗದ್ದಲದಿಂದ ಒಂದು ಮೊಳವೋ ಒಂದು ಮಾರೋ ದೂರ ಕುಳಿತಿರುತ್ತದೆ. ಅದರ ವರ್ಧಕವನ್ನು ಮೈಕಿನ ದನಿಗೆಂದೇ ಮಾಡಿರುತ್ತಾರೆ. ಮೈಕಿನ ತಂತಿಗಾಗಿ ಎಕ್ಸ್‌ಎಲ್‌ಆರ್ ಎಂಬ ಮೂರು ಕಡ್ಡಿಗಳ ಕಿಂಡಿ ಇರುತ್ತದೆ. ಈ ಮೂರು ಕಡ್ಡಿಗಳಲ್ಲಿ ಒಂದು ಜಾಣತನ ಅಡಗಿದೆ. ದನಿಯನ್ನು ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಕಳುಹಿಸುತ್ತಾರೆ. ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ದಾರಿಯಲ್ಲಿ ಹೊರಗಿನ ಗದ್ದಲ ಬಂದು ತಾಗಿದರೆ ಎರಡಕ್ಕೂ ಒಂದೇ ರೀತಿಯಲ್ಲಿ ತಾಗುತ್ತದೆ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಬಹುಮಟ್ಟಿಗೆ ಅಳಿಸಿಹೋಗಿ ದನಿ ಇಮ್ಮಡಿಯಾಗಿ ಉಳಿಯುತ್ತದೆ. ಕಂಡೆನ್ಸರ್ ಬಗೆಯ ಸೂಕ್ಷ್ಮ ಮೈಕುಗಳಿಗೆ ಬೇಕಾದ ೪೮ ವೋಲ್ಟಿನ ವಿದ್ಯುತ್ತನ್ನೂ ಅದೇ ತಂತಿಯ ಮೂಲಕ ಒದಗಿಸುವ ಏರ್ಪಾಡು ಅಲ್ಲಿರುತ್ತದೆ. ಕಂಪ್ಯೂಟರಿನ ಹಿಂಬದಿಯ ಗುಲಾಬಿ ಬಣ್ಣದ ಮೈಕಿನ ಕಿಂಡಿ ಕೊಡುವುದು ಕೆಲವೇ ವೋಲ್ಟು. ಒಳ್ಳೆಯ ಮೈಕನ್ನು ಹಣ ಕೊಟ್ಟು ತಂದು ಆ ಕಿಂಡಿಗೆ ಸಿಕ್ಕಿಸಿ, ಕೆಲಸ ಮಾಡುವುದಿಲ್ಲವೆಂದು ನಿರಾಶರಾಗುವವರು ಇರುವುದು ಈ ಕಾರಣಕ್ಕಾಗಿಯೇ.

ಈ ವ್ಯತ್ಯಾಸದಿಂದ ಆಗುವುದೇನು ಎಂಬುದಕ್ಕೆ ನಾನು ಕಿವಿಯಾರೆ ಕೇಳಿದ ಒಂದು ನಿದರ್ಶನವನ್ನು ಹೇಳುತ್ತೇನೆ. ನಮ್ಮ ಕಡೆಯ ಹಿರಿಯ ಗಮಕಿಯೊಬ್ಬರು ತಮ್ಮ ಎಂಬತ್ತರ ವಯಸ್ಸಿನಲ್ಲಿ ಮೂರು ಸಂಜೆ ಕುಳಿತು ಕರ್ಣಪರ್ವದ ಭಾಗಗಳನ್ನು ವಾಚಿಸಿದರು. ಮೊಮ್ಮಗ ಮನೆಯ ಕಂಪ್ಯೂಟರಿನ ಗುಲಾಬಿ ಕಿಂಡಿಗೆ ಮೈಕು ಸಿಕ್ಕಿಸಿ ಅದನ್ನೆಲ್ಲ ಮುದ್ರಿಸಿಕೊಂಡ. ಮಾರನೆಯ ವರ್ಷ ಆ ಹಿರಿಯರು ತೀರಿಕೊಂಡರು. ಅನಂತರ ಒಂದು ದಿನ ಆ ಹುಡುಗ ಅದನ್ನು ನನ್ನಲ್ಲಿಗೆ ತಂದು ಕೇಳಿಸಿದ. ವೀರರಸದ ಪದ್ಯಗಳಲ್ಲಿ ತೊಡಕಿಲ್ಲ. ಏರಿದ ಕಂಠ ಗದ್ದಲವನ್ನು ಮುಚ್ಚಿಬಿಡುತ್ತದೆ. ಆದರೆ ರಥದ ಗಾಲಿ ಹೂತುಹೋದ ಮೇಲಿನ ಪದ್ಯಗಳಲ್ಲಿ ಅವರು ದನಿಯನ್ನು ಕೆಳಕ್ಕಿಳಿಸಿ, ಪ್ರತಿಯೊಂದು ಮಾತಿನ ಕೊನೆಯನ್ನೂ ಉಸಿರಿನಲ್ಲಿ ಕರಗಿಸುತ್ತಿದ್ದರು. ಅವರನ್ನು ಸಭೆಯಲ್ಲಿ ಕೇಳಿದವರೆಲ್ಲ ಕಾಯುತ್ತಿದ್ದುದು ಆ ಕ್ಷಣಕ್ಕೆ. ಮುದ್ರಣದಲ್ಲಿ ಅಲ್ಲಿ ಕೇಳಿಸಿದ್ದು ಒಂದು ಎಡೆಬಿಡದ ಕೀಂಕಾರ. ಅದರ ಹಿಂದೆ ಎಲ್ಲೋ ಗೋಡೆಯಾಚೆ ಆಡಿದಂತೆ ಅವರ ಮಾತು.

“ಮೇಷ್ಟ್ರೆ, ಇದನ್ನ ತೊಳೆದು ಶುದ್ಧ ಮಾಡೋಕಾಗಲ್ವಾ?” ಎಂದು ಆ ಹುಡುಗ ಕೇಳಿದ. ತೊಳೆಯುವ ಸಾಫ್ಟ್‌ವೇರುಗಳು ಇವೆ. ಅವುಗಳನ್ನು ಬಲ್ಲವರ ಕೈಯಿಂದ ತೊಳೆಸಿಯೂ ನೋಡಿದೆವು. ಕೀಂಕಾರವೇನೋ ಹೋಯಿತು. ಜೊತೆಗೆ ಉಸಿರೂ ಹೋಯಿತು, ಪದಗಳ ಕೊನೆಯೂ ಹೋಯಿತು. ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಸಾಧನಗಳು ಇನ್ನೂ ನಯವಾಗಿ ಕೆಲಸ ಮಾಡುತ್ತವೆ, ನಿಜ. ಆದರೆ ಗದ್ದಲದಲ್ಲಿ ಮುಳುಗಿಹೋದ ಕಡೆಯಲ್ಲಿ ಅವು ತುಂಬುವುದು ಊಹೆಯನ್ನು. ಹುಳು ತಿಂದ ಓಲೆಯ ಜಾಗದಲ್ಲಿ ಸಂಪಾದಕನು ತನ್ನ ಊಹಾಪಾಠವನ್ನು ಕೂರಿಸಿದಂತೆ. ಸಂಪಾದಕನಾದರೆ ಕಂಸ ಹಾಕಿ, ಇದು ನನ್ನ ಊಹೆ ಎಂದು ಅಡಿಟಿಪ್ಪಣಿಯಲ್ಲಿ ಒಪ್ಪಿಕೊಳ್ಳುತ್ತಾನೆ. ಸಾಫ್ಟ್‌ವೇರು ಆ ಸೌಜನ್ಯವನ್ನು ತೋರುವುದಿಲ್ಲ. ಹಾಗೆಂದು ನಾನು ಆ ಹುಡುಗನನ್ನು ದೂರಲಾರೆ. ಅವನು ಅಷ್ಟಾದರೂ ಮಾಡದಿದ್ದರೆ ಅಜ್ಜನ ದನಿಯೇ ನಮಗೆ ಉಳಿಯುತ್ತಿರಲಿಲ್ಲ. ನಾನು ಹೇಳುವುದು ಇಷ್ಟೆ: ಕೆಲವು ದನಿಗಳಿಗೆ ಎರಡನೆಯ ಮುದ್ರಣವೆಂಬುದು ಇರುವುದಿಲ್ಲ.

ಯಂತ್ರದ ಗದ್ದಲವನ್ನು ದನಿಯಿಂದ ದೂರ ಇಡಬೇಕೆಂಬ ಈ ತತ್ತ್ವ ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಗ್ರಾಮಫೋನಿಗಾಗಿ ಮುದ್ರಿಸಿದಾಗ ವಿದ್ಯುತ್ತಿನ ನೆರವಿರಲಿಲ್ಲ. ಗಾಯಕಿ ಒಂದು ಕಹಳೆಯಂಥ ಕೊಳವೆಯ ಬಾಯಿಗೆ ಹಾಡಬೇಕಾಗಿತ್ತು. ಆ ಕೊಳವೆಯ ಇನ್ನೊಂದು ತುದಿಯಲ್ಲೇ ಮೇಣದ ತಟ್ಟೆಯನ್ನು ಕೊರೆಯುವ ಮುಳ್ಳು. ದನಿಗೂ ಯಂತ್ರಕ್ಕೂ ನಡುವೆ ಅಂತರವೇ ಇರಲಿಲ್ಲ. (ಆ ಮಹಾ ಗಾಯಕಿ ಕೊನೆಯ ದಿನಗಳನ್ನು ನಮ್ಮ ಮೈಸೂರಿನಲ್ಲಿ ಕಳೆದು ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡರು.) ೧೯೨೫ರ ಸುಮಾರಿಗೆ ಮೈಕು ಮತ್ತು ವಿದ್ಯುತ್ತಿನ ಮುದ್ರಣ ಬಂದ ಮೇಲೆ ಹಾಡುವವರು ಒಂದು ಕೋಣೆಯಲ್ಲಿ, ಯಂತ್ರ ಇನ್ನೊಂದು ಕೋಣೆಯಲ್ಲಿ ಇರುವುದು ಸಾಧ್ಯವಾಯಿತು. ಬಾನುಲಿ ನಿಲಯಗಳು ಕಟ್ಟಿಕೊಂಡದ್ದು ಈ ಕ್ರಮವನ್ನೇ. ನಾನು ಈಗ ಕುಳಿತಿರುವ ಕೋಣೆಯಲ್ಲಿ ಮೈಕು, ಮೇಜು, ನನ್ನ ಕಾಗದ, ಇಷ್ಟೇ ಇವೆ. ಯಂತ್ರಗಳೂ ಅವುಗಳನ್ನು ನಡೆಸುವವರೂ ದಪ್ಪ ಗಾಜಿನ ಆಚೆ ಇದ್ದಾರೆ. ಮನೆಯಲ್ಲಿ ನಮಗೆ ಎರಡು ಕೋಣೆ, ಗಾಜಿನ ಗೋಡೆ ಸಾಧ್ಯವಿಲ್ಲ. ಹೊರಗಿನ ಇಂಟರ್‌ಫೇಸ್ ಎಂಬುದು ಆ ಗಾಜಿನ ಗೋಡೆಯ ಒಂದು ಚಿಕ್ಕ ಅಂಶವನ್ನು ನಮ್ಮ ಮೇಜಿನ ಮೇಲೆ ತಂದಿಡುತ್ತದೆ ಎಂದರೆ ತಪ್ಪಾಗಲಾರದು.

ದನಿಯ ಭಂಡಾರಗಳನ್ನು ಕಾಯುವವರ ಅಂತರರಾಷ್ಟ್ರೀಯ ಸಂಘವೊಂದಿದೆ, ಅದರ ಹೆಸರು ಐ.ಎ.ಎಸ್.ಎ. ಹಳೆಯ ಧ್ವನಿಮುದ್ರಣಗಳನ್ನು ಅಂಕಿಗಳ ರೂಪಕ್ಕೆ ತರುವ ಬಗ್ಗೆ ಅದು ಹೊರತಂದಿರುವ ಮಾರ್ಗದರ್ಶಿಯ ೨೦೦೯ರ ಆವೃತ್ತಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕಂಪ್ಯೂಟರಿನೊಳಗಿನ ಸೌಂಡ್ ಕಾರ್ಡುಗಳ ಪರಿವರ್ತಕಗಳು ಅಗ್ಗದ ಮಂಡಲಗಳಿಂದಾಗಿಯೂ ಒಳಗಿನ ವಿದ್ಯುತ್ ಗದ್ದಲದಿಂದಾಗಿಯೂ ಸಂರಕ್ಷಣೆಯ ಮಟ್ಟವನ್ನು ಮುಟ್ಟಲಾರವು, ಪ್ರತ್ಯೇಕವಾದ ಪರಿವರ್ತಕವನ್ನೇ ಬಳಸಬೇಕು ಎಂಬುದು ಅದರ ಅಭಿಪ್ರಾಯ. ಸೆಕೆಂಡಿಗೆ ಕನಿಷ್ಠ ೪೮,೦೦೦ ಅಳತೆಗಳು, ಅಳತೆಗೆ ೨೪ ಬಿಟ್ಟುಗಳು ಇರಬೇಕೆಂದೂ ಅದು ಹೇಳುತ್ತದೆ. ಕ್ಯಾಸೆಟ್ಟುಗಳನ್ನು ಇಳಿಸಿಕೊಳ್ಳುವವರಿಗೆ ಇದು ಒಳ್ಳೆಯ ಕೈಮರ. ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕಿಂಡಿ. ಅದರಲ್ಲಿ ಒಳಬರುವುದು ಒಂದೇ ವಾಹಿನಿ. ಎಡ ಬಲ ಎರಡೂ ವಾಹಿನಿಗಳಿರುವ ಕ್ಯಾಸೆಟ್ಟನ್ನು ಅದಕ್ಕೆ ಜೋಡಿಸಿದರೆ ಅರ್ಧ ಸಂಗೀತ ಹೊರಗೇ ಉಳಿಯುತ್ತದೆ. ಈ ಕೆಲಸಕ್ಕೆ ಎರಡು ಲೈನ್ ಕಿಂಡಿಗಳಿರುವ ಹೊರಗಿನ ಪೆಟ್ಟಿಗೆ ಬೇಕು. ಜಾಗದ ಚಿಂತೆ ಬೇಡ: ಈ ಲೆಕ್ಕದಲ್ಲಿ ಎರಡು ವಾಹಿನಿಗಳ ಒಂದು ಗಂಟೆಯ ದನಿಗೆ ಸುಮಾರು ಒಂದು ಗಿಗಾಬೈಟು ಸಾಕು.

ಒಳಗಿನ ಕಾರ್ಡಿನ ಪರವಾಗಿ ಮುಖ್ಯವಾಗಿ ಹೇಳುವ ಮಾತು ವಿಳಂಬದ್ದು. ಹಾಡುಗಾರನ ದನಿ ಕಂಪ್ಯೂಟರನ್ನು ಹೊಕ್ಕು, ಸುತ್ತಿ, ಮತ್ತೆ ಅವನ ಹೆಡ್‌ಫೋನಿಗೆ ಬರುವಷ್ಟರಲ್ಲಿ ಕೊಂಚ ಹೊತ್ತು ಕಳೆಯುತ್ತದೆ. ಕಂಪ್ಯೂಟರು ಅಂಕಿಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳದೆ ಕಂತೆಕಂತೆಯಾಗಿ ಎತ್ತಿಕೊಳ್ಳುವುದೇ ಇದಕ್ಕೆ ಕಾರಣ. ಕಂತೆಯಲ್ಲಿ ೨೫೬ ಅಳತೆಗಳಿದ್ದರೆ, ಸೆಕೆಂಡಿಗೆ ೪೮,೦೦೦ದ ಲೆಕ್ಕದಲ್ಲಿ ಹೋಗುವಾಗ ಐದು ಮಿಲಿಸೆಕೆಂಡಿಗೂ ಸ್ವಲ್ಪ ಹೆಚ್ಚು, ಬರುವಾಗ ಅಷ್ಟೇ. ಒಟ್ಟು ಹತ್ತು ಮಿಲಿಸೆಕೆಂಡೆನ್ನಿ. ಗಾಳಿಯಲ್ಲಿ ದನಿ ಆ ಹೊತ್ತಿನಲ್ಲಿ ಸಾಗುವುದು ಸುಮಾರು ಮೂರೂವರೆ ಮೀಟರು. ಮೃದಂಗದವರು ವೇದಿಕೆಯ ಆ ಕೊನೆಯಲ್ಲಿ ಕುಳಿತಷ್ಟು ದೂರ. ಅದು ಯಾರನ್ನೂ ಬಾಧಿಸದು. ಕಂತೆ ೧,೦೨೪ಕ್ಕೇರಿದರೆ ಹದಿನಾಲ್ಕು ಮೀಟರಿನಾಚೆ ಕುಳಿತಂತಾಗಿ ತಾಳ ತಪ್ಪುತ್ತದೆ. ಒಳ್ಳೆಯ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳು ಕಂತೆಯನ್ನು ಬಹಳ ಚಿಕ್ಕದಾಗಿಸಿ, ಹತ್ತಾರು ವಾಹಿನಿಗಳನ್ನು ಒಮ್ಮೆಗೇ ನಿಭಾಯಿಸಬಲ್ಲವು. ಚಲನಚಿತ್ರದ ಸಂಗೀತ, ದೊಡ್ಡ ವಾದ್ಯಗೋಷ್ಠಿ, ಇಂಥ ಕೆಲಸ ನಡೆಸುವ ಸ್ಟುಡಿಯೊಗೆ ಅವು ತಕ್ಕವು. ಮನೆಯಲ್ಲಿ ಮುದ್ರಿಸುವವರಿಗೆ ಬೇರೊಂದು ಸುಲಭೋಪಾಯವಿದೆ. ಹೊರಗಿನ ಪೆಟ್ಟಿಗೆಗಳಲ್ಲಿ ಬಹುಪಾಲು, ಮೈಕಿನ ದನಿಯನ್ನು ಕಂಪ್ಯೂಟರಿಗೆ ಸುತ್ತುಬಳಸದೆ ನೇರವಾಗಿ ಹೆಡ್‌ಫೋನಿಗೆ ಕೊಡುವ ಗುಂಡಿಯೊಂದನ್ನು ಇಟ್ಟುಕೊಂಡಿರುತ್ತವೆ. ಅದನ್ನು ಒತ್ತಿದರೆ ವಿಳಂಬದ ಪ್ರಶ್ನೆಯೇ ಇಲ್ಲ. ಇನ್ನು ಒಬ್ಬರೇ ಕುಳಿತು ಕಾವ್ಯ ವಾಚಿಸುವಲ್ಲಿ, ಕಥೆ ಹೇಳುವಲ್ಲಿ ಈ ವಿಳಂಬದಿಂದ ಯಾವ ಹಾನಿಯೂ ಇಲ್ಲ.

ಬಾಳಿಕೆಯ ವಿಚಾರವನ್ನೂ ಯೋಚಿಸಬೇಕು. ಹಳೆಯ ಪಿಸಿಐ ಕಾರ್ಡುಗಳು ಎಷ್ಟೇ ಒಳ್ಳೆಯವಾಗಿದ್ದರೂ ಅವುಗಳನ್ನು ಸಿಕ್ಕಿಸುವ ಸಂದಿ ಹೊಸ ಕಂಪ್ಯೂಟರುಗಳಲ್ಲಿ ಇಲ್ಲವಾಯಿತು. ಲ್ಯಾಪ್‌ಟಾಪಿನೊಳಗಂತೂ ಅಂಥ ಕಾರ್ಡಿಗೆ ಜಾಗವೇ ಇಲ್ಲ. ಹೊರಗಿನವೆಲ್ಲ ಚಿರಂಜೀವಿಗಳೆಂದು ಇದರ ಅರ್ಥವಲ್ಲ. ಒಂದು ಕಾಲದಲ್ಲಿ ಹೊರಗಿನ ಪೆಟ್ಟಿಗೆಗಳಿಗೆ ಮೆಚ್ಚಿನ ದಾರಿಯಾಗಿದ್ದ ಫೈರ್‌ವೈರ್ ಕಿಂಡಿಯೂ ಹೊಸ ಯಂತ್ರಗಳಿಂದ ಮರೆಯಾಯಿತು. ಆದ್ದರಿಂದ ಕೊಳ್ಳುವಾಗ ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಿರಿ: ಪ್ರತ್ಯೇಕವಾದ ಡ್ರೈವರ್ ಇಲ್ಲದೆ, ಯುಎಸ್‌ಬಿಯ ಸಾಮಾನ್ಯ ಕ್ರಮದಲ್ಲೇ ಇದು ನಡೆಯುತ್ತದೆಯೆ? ಹಾಗೆ ನಡೆಯುವ ಪೆಟ್ಟಿಗೆಯನ್ನು ನಾಳೆ ಬೇರೊಂದು ಕಂಪ್ಯೂಟರಿಗೂ, ಎಷ್ಟೋ ವೇಳೆ ಮೊಬೈಲ್ ಫೋನಿಗೂ ಜೋಡಿಸಿಕೊಳ್ಳಬಹುದು. ತಯಾರಿಸಿದವರು ಡ್ರೈವರನ್ನು ಕೈಬಿಟ್ಟರೂ ಅದು ಅನಾಥವಾಗುವುದಿಲ್ಲ. ಇದಕ್ಕೂ ಮಿಗಿಲಾದ ಗುಣವೆಂದರೆ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ನಾವು ಮುದ್ರಿಸಬೇಕಾದ ಹಿರಿಯರು ಬಹುಮಟ್ಟಿಗೆ ನಮ್ಮ ಮನೆಗೆ ಬರಲಾರದವರು. ಅವರ ನಡುಮನೆಗೆ ನಾವೇ ಹೋಗಬೇಕು.

ಹೊರಗಿನ ಪೆಟ್ಟಿಗೆ ತಂದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ತಿಳಿಯುವುದೂ ಬೇಡ. ಅದು ವಿದ್ಯುತ್ತನ್ನು ಪಡೆಯುವುದು ಅದೇ ಕಂಪ್ಯೂಟರಿನ ಯುಎಸ್‌ಬಿ ತಂತಿಯಿಂದ. ಲ್ಯಾಪ್‌ಟಾಪಿನ ಚಾರ್ಜರು ಕೆಲವೊಮ್ಮೆ ನಮ್ಮ ಮನೆಗಳ ೫೦ ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಒಳತರುತ್ತದೆ. ಮುದ್ರಿಸುವ ಹೊತ್ತಿನಲ್ಲಿ ಚಾರ್ಜರನ್ನು ಕಳಚಿ ಬ್ಯಾಟರಿಯ ಮೇಲೆ ನಡೆಸಿದರೆ ಎಷ್ಟೋ ವೇಳೆ ಅದು ನಿಲ್ಲುತ್ತದೆ. ಚಾವಣಿಯ ಫ್ಯಾನು, ಬೀದಿಯ ಹಾರ್ನು, ಅಡುಗೆಮನೆಯ ಕುಕ್ಕರಿನ ಸೀಟಿ, ಇವುಗಳನ್ನು ಯಾವ ಪೆಟ್ಟಿಗೆಯೂ ತಡೆಯಲಾರದು. ಬರಿಯ ಗೋಡೆಗಳ ಕೋಣೆ ಮಾರ್ದನಿ ಕೊಡುತ್ತದೆ. ಹಾಸಿಗೆ, ಕಂಬಳಿ, ಪುಸ್ತಕದ ಕಪಾಟುಗಳಿರುವ ಕೋಣೆ ದನಿಯನ್ನು ಮೆತ್ತಗೆ ಹೀರಿಕೊಳ್ಳುತ್ತದೆ. ಮೈಕು ಬಾಯಿಂದ ಒಂದು ಗೇಣು ದೂರವಿರಲಿ, ಕೊಂಚ ಓರೆಯಾಗಿರಲಿ. ಪಕಾರ ಬಕಾರಗಳ ಗಾಳಿ ನೇರವಾಗಿ ಬಡಿಯದು. ದನಿಯ ಮಟ್ಟದ ಗೆರೆ ಅತಿ ಏರಿದಾಗಲೂ ತುದಿಗಿಂತ ಹತ್ತು ಹನ್ನೆರಡು ಡೆಸಿಬೆಲ್ ಕೆಳಗೇ ಇರುವಂತೆ ಗುಂಡಿ ತಿರುಗಿಸಿಕೊಳ್ಳಿ. ೨೪ ಬಿಟ್ಟಿನ ಮೆಟ್ಟಿಲುಗಳು ಇರುವುದು ಈ ಅವಕಾಶಕ್ಕಾಗಿಯೇ. ತುದಿ ಮುಟ್ಟಿ ಒಡೆದ ದನಿಯನ್ನು ಮತ್ತೆ ಪೂರ್ತಿಯಾಗಿ ಕೂಡಿಸುವುದು ಯಾರಿಂದಲೂ ಆಗದು.

ಹಾಗಾದರೆ ಒಳಗಿನ ಏರ್ಪಾಡು ಯಾರಿಗೂ ಬೇಡವೆ? ಹಾಗಲ್ಲ. ದೂರದ ಮಗನೊಡನೆ ಮಾತನಾಡುವುದಕ್ಕೆ, ಆನ್‌ಲೈನ್ ತರಗತಿಗೆ, ಪತ್ರವನ್ನು ಹೇಳಿ ಬರೆಸುವುದಕ್ಕೆ, ಹಾಡು ಕೇಳುವುದಕ್ಕೆ ಅದೇ ಧಾರಾಳ. ಅಲ್ಲಿ ಮಾತು ಅರ್ಥವಾದರೆ ಸಾಕು. ದನಿ ಉಳಿಯಬೇಕೆಂಬ ಹಂಬಲವಿಲ್ಲ. ಅಂಥವರು ಪೆಟ್ಟಿಗೆಗೆ ಹಣ ಸುರಿಯುವುದು ಅನಗತ್ಯ. ಒಬ್ಬರ ಮಾತನ್ನಷ್ಟೇ ಮುದ್ರಿಸುವವರಿಗೆ, ವರ್ಧಕ ಪರಿವರ್ತಕಗಳನ್ನು ತನ್ನೊಳಗೇ ಅಡಗಿಸಿಕೊಂಡ ಯುಎಸ್‌ಬಿ ಮೈಕು ಒಂದು ಮಧ್ಯಮ ಮಾರ್ಗ. ಎರಡು ಮೈಕು ಬೇಕಾದ ದಿನ ಮಾತ್ರ ಅದು ಕೈಕೊಡುತ್ತದೆ. ಗಮಕದಲ್ಲಿ ವಾಚಿಸುವವರೊಬ್ಬರು, ವ್ಯಾಖ್ಯಾನಿಸುವವರೊಬ್ಬರು. ಅಲ್ಲಿ ಎರಡು ಮೈಕಿನ ಕಿಂಡಿಗಳಿರುವ ಪೆಟ್ಟಿಗೆಯೇ ಸರಿ. ೧೯೨ ಸಾವಿರ ಅಳತೆ ಮೊದಲಾದ ದೊಡ್ಡ ಅಂಕಿಗಳನ್ನು ತೋರಿಸಿ ಅಂಗಡಿಯವರು ಬೆರಗುಗೊಳಿಸಬಹುದು. ಮಾತಿಗೂ ಗಮಕಕ್ಕೂ ೪೮ ಸಾವಿರ ಸಾಕು. ಉಳಿದ ಹಣವನ್ನು ಮೈಕಿಗೆ ಹಾಕುವುದು ಮೇಲು.

ಇಷ್ಟು ಕೇಳಿದ ಮೇಲೂ ತೀರ್ಮಾನವಾಗದಿದ್ದರೆ ಒಂದು ಪರೀಕ್ಷೆ ಇದೆ. ಅದಕ್ಕೆ ಹಣ ಬೇಡ. ಮನೆ ಮಲಗಿದ ಮೇಲೆ, ಈಗಿರುವ ಕಂಪ್ಯೂಟರಿಗೇ ಮೈಕನ್ನು ಜೋಡಿಸಿ. ಮೊದಲು ಸಹಜವಾಗಿ ನಾಲ್ಕು ಮಾತನಾಡಿ ಮಟ್ಟವನ್ನು ಸರಿಪಡಿಸಿಕೊಳ್ಳಿ. ಆಮೇಲೆ ಏನೂ ಮಾತನಾಡದೆ ಒಂದು ನಿಮಿಷ ಮೌನವನ್ನು ಮುದ್ರಿಸಿ. ಹೆಡ್‌ಫೋನು ಹಾಕಿಕೊಂಡು ಅದನ್ನು ಕೇಳಿ. ಮೌನ ಮೌನವಾಗಿಯೇ ಕೇಳಿದರೆ ನಿಮ್ಮ ಒಳಗಿನ ಲಿಪಿಕಾರನು ನೆಚ್ಚಿಗೆಯವನು, ಅವನಿಂದಲೇ ಬರೆಸಿ. ಕೀಂಕಾರವೋ ಗುಂಯ್‌ಗುಡುವಿಕೆಯೋ ಕೇಳಿದರೆ ಅವನು ಸಂತೆಯಲ್ಲಿ ಕುಳಿತಿದ್ದಾನೆ. ಅವನನ್ನು ಹೊರಗೆ ಕರೆತನ್ನಿ. ಹೊರಗಿನ ಪೆಟ್ಟಿಗೆಯನ್ನು ಸ್ನೇಹಿತರಿಂದ ಒಂದು ದಿನಕ್ಕೆ ಎರವಲು ತಂದು ಇದೇ ಪರೀಕ್ಷೆ ಮಾಡಿದರೆ, ಕೊಳ್ಳಬೇಕೋ ಬೇಡವೋ ಎಂಬುದನ್ನು ನಿಮ್ಮ ಕಿವಿಯೇ ಹೇಳುತ್ತದೆ.

ಕೊನೆಯದಾಗಿ ಒಂದು ಮಾತು. ಪೆಟ್ಟಿಗೆ ಬರಲಿ, ಹಣ ಕೂಡಲಿ, ಒಳ್ಳೆಯ ಮೈಕು ಸಿಗಲಿ ಎಂದು ಕಾಯುತ್ತ ಕುಳಿತುಕೊಳ್ಳುವವರೂ ಉಂಟು. ಸಲಕರಣೆಯನ್ನು ಮುಂದಿನ ತಿಂಗಳು ಕೊಳ್ಳಬಹುದು. ತೊಂಬತ್ತರ ಹರೆಯದ ಅಜ್ಜಿಯನ್ನು ಕಾಯಿಸಲಾಗದು. ಸಮಯವಿದ್ದರೆ ಲಿಪಿ ಶುದ್ಧವಾಗಿರಲೆಂದು ಹೊರಗಿನ ಪೆಟ್ಟಿಗೆಯನ್ನು ಆರಿಸಿಕೊಳ್ಳಿ. ಸಮಯವಿಲ್ಲದಿದ್ದರೆ ಇರುವ ಯಂತ್ರದಲ್ಲೇ, ಕೈಯಲ್ಲಿರುವ ಫೋನಿನಲ್ಲೇ, ಇಂದೇ ಮುದ್ರಿಸಿಕೊಳ್ಳಿ. ತಪ್ಪುಗಳಿರುವ ಓಲೆಯ ಪ್ರತಿಯನ್ನಾದರೂ ನಾವು ಕಣ್ಣಿಗೊತ್ತಿಕೊಂಡು ಓದುತ್ತೇವೆ. ಬರೆಯದೇ ಹೋದ ಕಾವ್ಯವನ್ನು ಯಾವ ಸಂಪಾದಕನೂ ಓದಿ ಹೇಳಲಾರ.